ಗಾಳಿಯನ್ನು ಹೊರಕ್ಕೆ ಬಿಡುವ ಡಂಪ್ ವಾಲ್ವ್: ಟರ್ಬೊ ಎಂಜಿನ್ನಿಗೆ ಏನಾಗುತ್ತದೆ, ಪರೀಕ್ಷಿಸುವುದು ಹೇಗೆ, ಮೊದಲಿನ ಸ್ಥಿತಿಗೆ ತರುವುದು ಹೇಗೆ

ನಮ್ಮ ಜಿಲ್ಲೆಯಲ್ಲಿ ಟರ್ಬೊ ಪೆಟ್ರೋಲ್ ಕಾರುಗಳು ಹೆಚ್ಚಾದಂತೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಓದುಗರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ 'ಪ್ಶ್' ಎಂದು ಸದ್ದು ಮಾಡುವ ಡಂಪ್ ವಾಲ್ವ್ ಹಾಕಿಸಿದರೆ ಎಂಜಿನ್ನಿಗೆ ತೊಂದರೆ ಇದೆಯೇ ಎಂಬುದು ಮೊದಲನೆಯದು. ಹಾಕಿಸಿದ ಮೇಲೆ ಕಾರು ನಿಂತಲ್ಲೇ ಆಫ್ ಆಗುತ್ತಿದೆ, ಪೆಟ್ರೋಲ್ ವಾಸನೆ ಬರುತ್ತಿದೆ, ಏನು ಮಾಡಲಿ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ನಿಮ್ಮ ಎಂಜಿನ್ ತಾನು ಸೇವಿಸುವ ಗಾಳಿಯನ್ನು ಎಲ್ಲಿ, ಯಾವ ಸೆನ್ಸರ್‌ನಿಂದ ಅಳೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ. ಅದನ್ನು ನೋಡದೆ, ಪಕ್ಕದ ಮನೆಯವರ ಕಾರಿಗೆ ಏನೂ ಆಗಿಲ್ಲ ಎಂಬ ಧೈರ್ಯದ ಮೇಲೆ ವಾಲ್ವ್ ಹಾಕಿಸುವುದರಿಂದಲೇ ಹೆಚ್ಚಿನ ತೊಂದರೆಗಳು ಶುರುವಾಗುತ್ತವೆ.

ವಾಲ್ವ್ ಇರುವುದೇಕೆ

ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಒತ್ತಿ ತುಂಬುವ ಸಾಧನ. ಅದರ ಒಂದು ಬದಿಯ ಚಕ್ರವನ್ನು ಹೊಗೆ ತಿರುಗಿಸಿದರೆ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಬದಿಯ ಚಕ್ರ, ಅಂದರೆ ಕಂಪ್ರೆಸರ್, ಏರ್ ಫಿಲ್ಟರ್ ಮೂಲಕ ಗಾಳಿಯನ್ನು ಎಳೆದು, ಇಂಟರ್‌ಕೂಲರ್ ಎಂಬ ತಣ್ಣಗಾಗಿಸುವ ಜಾಲರಿಯ ಮೂಲಕ ಥ್ರಾಟಲ್‌ಗೆ ಕಳಿಸುತ್ತದೆ. ಥ್ರಾಟಲ್ ಎಂದರೆ ಆಕ್ಸಿಲರೇಟರ್ ಒತ್ತಿದಷ್ಟು ತೆರೆದುಕೊಳ್ಳುವ ಬಾಗಿಲು. ಗೇರ್ ಬದಲಿಸಲು ನೀವು ಕಾಲು ತೆಗೆದಾಗ ಈ ಬಾಗಿಲು ಒಮ್ಮೆಲೇ ಮುಚ್ಚುತ್ತದೆ. ಟರ್ಬೊ ಮಾತ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಿದ್ದು, ತಕ್ಷಣ ನಿಲ್ಲಲಾರದು. ಒತ್ತಡದಲ್ಲಿದ್ದ ಗಾಳಿ ಹೋಗಲು ದಾರಿಯಿಲ್ಲದೆ ಕಂಪ್ರೆಸರ್‌ನ ಎಲೆಗಳ ನಡುವೆಯೇ ಹಿಮ್ಮುಖವಾಗಿ ನುಗ್ಗಿ ಪಟಪಟ ಸದ್ದು ಮಾಡುತ್ತದೆ. ಇದನ್ನು ಸರ್ಜ್ ಎನ್ನುತ್ತಾರೆ. ಹೆಚ್ಚು ಒತ್ತಡದ ಎಂಜಿನ್ನುಗಳಲ್ಲಿ ಇದು ಪದೇ ಪದೇ ಆದರೆ ಟರ್ಬೊದ ದಂಡವನ್ನು ಹಿಡಿದಿರುವ ಬೇರಿಂಗ್‌ಗೆ ಹೊಡೆತ ಬೀಳುತ್ತದೆ.

ಈ ಗಾಳಿಗೆ ದಾರಿ ಮಾಡಿಕೊಡುವುದೇ ವಾಲ್ವ್‌ನ ಕೆಲಸ. ಕಂಪನಿಯಿಂದ ಬರುವ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಅದು ಗಾಳಿಯನ್ನು ಮರಳಿ ಕಂಪ್ರೆಸರ್‌ಗಿಂತ ಮೊದಲಿನ, ಅಂದರೆ ಏರ್ ಫಿಲ್ಟರ್ ಕಡೆಯ ಪೈಪಿಗೆ ಬಿಡುತ್ತದೆ. ಇದನ್ನು ಮರುಬಳಕೆಯ ವಾಲ್ವ್ ಅಥವಾ ಡೈವರ್ಟರ್ ಎನ್ನಬಹುದು. ಅಂಗಡಿಯಲ್ಲಿ ಸಿಗುವ ಸದ್ದಿನ ವಾಲ್ವ್ ಅದೇ ಗಾಳಿಯನ್ನು ಬಾನೆಟ್ ಒಳಗೆ, ಬಯಲಿಗೆ ಬಿಡುತ್ತದೆ. ಎರಡೂ ತೆರೆದುಕೊಳ್ಳುವುದು ನೀವು ಕಾಲು ತೆಗೆದಾಗ ಮಾತ್ರ. ಕಾಲು ಒತ್ತಿದ್ದಾಗ ಎರಡೂ ಮುಚ್ಚಿಯೇ ಇರಬೇಕಾದ್ದರಿಂದ, ಗಾಳಿಯನ್ನು ಹೊರಕ್ಕೆ ಬಿಟ್ಟರೆ ಪಿಕಪ್ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹಳೆಯ ವಾಲ್ವ್‌ನ ರಬ್ಬರ್ ಪೊರೆ ಹರಿದು ಸೋರುತ್ತಿದ್ದ ಕಾರಿಗೆ ಹೊಸದನ್ನು ಹಾಕಿದಾಗ ಪಿಕಪ್ ಮರಳುವುದುಂಟು. ಆದರೆ ಆ ಲಾಭ ಸೋರಿಕೆ ನಿಂತದ್ದರಿಂದ ಆದದ್ದು, ಕಂಪನಿಯ ಹೊಸ ವಾಲ್ವ್ ಹಾಕಿದರೂ ಸಿಗುವಂಥದ್ದು.

ಬೇಕಾಗುವ ಸಾಮಾನು

ಓಬಿಡಿ ಪೋರ್ಟಿಗೆ, ಅಂದರೆ ಸ್ಟೀರಿಂಗ್ ಕೆಳಗಿನ ಪರೀಕ್ಷೆಯ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಅಂಕಿಗಳನ್ನು ತೋರಿಸುವ ಬ್ಲೂಟೂತ್ ಸ್ಕ್ಯಾನರ್, ಪ್ಲಗ್ ಬಿಚ್ಚುವ ಪಾನಾ, ಸ್ಕ್ರೂಡ್ರೈವರ್, ಸಾಬೂನು ನೀರು ತುಂಬಿದ ಸ್ಪ್ರೇ ಬಾಟಲಿ, ಹೊಸ ಹೋಸ್ ಕ್ಲಿಪ್‌ಗಳು. ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್ ಗ್ಯಾರೇಜಿನಲ್ಲಿ ಸಿಕ್ಕರೆ ಕೆಲಸ ಸಲೀಸಾಗುತ್ತದೆ. ಟರ್ಬೊ ಮತ್ತು ಅದರ ಸುತ್ತಲಿನ ಲೋಹ ವಿಪರೀತ ಕಾದಿರುತ್ತದೆ. ಕಾರು ಪೂರ್ತಿ ತಣ್ಣಗಾಗುವ ತನಕ ಕೈ ಹಾಕಬೇಡಿ.

ಹಂತ 1: ಡೀಸೆಲ್ ಕಾರಾದರೆ ಇಲ್ಲಿಗೇ ನಿಲ್ಲಿಸಿ

ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವುದು ಡೀಸೆಲ್‌ನ ಪ್ರಮಾಣವೇ ಹೊರತು ಗಾಳಿಯ ಬಾಗಿಲಲ್ಲ. ಕಾಲು ತೆಗೆದಾಗಲೂ ಗಾಳಿಯ ದಾರಿ ತೆರೆದೇ ಇರುವುದರಿಂದ ಅಲ್ಲಿ ಈ ವಾಲ್ವ್‌ಗೆ ಕೆಲಸವೇ ಇಲ್ಲ. ಡೀಸೆಲ್ ಕಾರಿಗೆಂದು ಮಾರುವ ಕಿಟ್‌ಗಳು ಪೆಡಲಿಗೊಂದು ಸ್ವಿಚ್ ಕಟ್ಟಿ, ವಿದ್ಯುತ್ತಿನಿಂದ ವಾಲ್ವ್ ತೆರೆಯುತ್ತವೆ. ಉದ್ದೇಶ ಸದ್ದು ಮಾತ್ರ. ಅವು ಸೋರಲು ಶುರುವಾದರೆ ಎಂಜಿನ್ನಿಗೆ ಗಾಳಿ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ, ಬಿಎಸ್6 ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬೇಗ ತುಂಬುತ್ತದೆ, ಒತ್ತಡ ಸಾಲದೆಂಬ ಪಿ0299 ದೋಷದ ಕೋಡ್ ಬಂದು ಕಾರು ಅರ್ಧ ಶಕ್ತಿಗೆ ಇಳಿಯುತ್ತದೆ. ಡೀಸೆಲ್ ಕಾರಿನಲ್ಲಿ ಇದ್ದರೆ ತೆಗೆಸಿಬಿಡಿ ಎಂಬುದೇ ನನ್ನ ಖಚಿತ ಸಲಹೆ.

ಹಂತ 2: ಗಾಳಿಯನ್ನು ಅಳೆಯುವ ಸೆನ್ಸರ್ ಯಾವುದೆಂದು ನೋಡಿ

ಇಡೀ ಲೇಖನದ ತಿರುಳು ಈ ಹಂತದಲ್ಲಿದೆ. ಪೆಟ್ರೋಲ್ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಸುಮಾರು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಎಂಬ ತೂಕದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಇಂಧನ ಬಿಡುತ್ತದೆ. ಗಾಳಿ ಎಷ್ಟು ಬಂತೆಂದು ಅದು ತಿಳಿಯುವುದು ಎರಡು ಬಗೆಯಲ್ಲಿ.

ಒಂದು, ಎಂಎಎಫ್ ಸೆನ್ಸರ್. ಇದು ಏರ್ ಫಿಲ್ಟರ್ ಪೆಟ್ಟಿಗೆಯಿಂದ ಹೊರಟ ಕೂಡಲೇ, ಟರ್ಬೊಗಿಂತ ಮೊದಲು ಕೂತು, ಹಾದುಹೋಗುವ ಗಾಳಿಯ ತೂಕವನ್ನು ಅಳೆಯುತ್ತದೆ. ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊ ಎಂಜಿನ್ ಈ ಬಗೆಯದು. ಇನ್ನೊಂದು, ಎಂಎಪಿ ಸೆನ್ಸರ್. ಇದು ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ ಕೂತು ಒತ್ತಡವನ್ನು ಅಳೆಯುತ್ತದೆ. ಒತ್ತಡ, ತಾಪಮಾನ ಮತ್ತು ಎಂಜಿನ್ನಿನ ವೇಗದಿಂದ ಇಸಿಯು ಗಾಳಿಯನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಫಿಯೆಟ್ ಲಿನಿಯಾ ಟಿ-ಜೆಟ್ ಈ ಗುಂಪಿಗೆ ಸೇರಿದ್ದು. ಕೆಲವು ಕಾರುಗಳಲ್ಲಿ ಎರಡೂ ಇರುತ್ತವೆ.

ಎಂಎಎಫ್ ಕಾರಿನಲ್ಲಿ ಏನಾಗುತ್ತದೆಂದು ಗಮನಿಸಿ. ಮರುಬಳಕೆಯ ವಾಲ್ವ್ ತೆರೆದಾಗ ಗಾಳಿ ಟರ್ಬೊಗಿಂತ ಮೊದಲಿನ ಪೈಪಿಗೆ ಮರಳಿ ಬಂದು ಅಲ್ಲೇ ಸುತ್ತುತ್ತದೆ, ಹಾಗಾಗಿ ಸೆನ್ಸರ್ ಮೂಲಕ ಹೊಸ ಗಾಳಿ ಹೆಚ್ಚು ಬರುವುದಿಲ್ಲ. ಹೊರಕ್ಕೆ ಬಿಡುವ ವಾಲ್ವ್ ತೆರೆದಾಗ, ತಿರುಗುತ್ತಲೇ ಇರುವ ಟರ್ಬೊ ಸೆನ್ಸರ್ ಮೂಲಕ ಗಾಳಿ ಎಳೆಯುತ್ತಲೇ ಇರುತ್ತದೆ. ಸೆನ್ಸರ್ ಅದನ್ನು ಎಣಿಸುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ, ಆದರೆ ಗಾಳಿ ಸಿಲಿಂಡರ್ ತಲುಪದೆ ಬಾನೆಟ್ ಒಳಗೆ ಚೆಲ್ಲಿಹೋಗಿರುತ್ತದೆ. ಫಲವಾಗಿ ಆ ಕ್ಷಣದಲ್ಲಿ ಪೆಟ್ರೋಲ್ ಹೆಚ್ಚಾಗಿ, ಮಿಶ್ರಣ ರಿಚ್ ಆಗುತ್ತದೆ. ಗೇರ್ ಬದಲಿಸುವಾಗ ತಡವರಿಕೆ, ಕ್ಲಚ್ ಒತ್ತಿ ನಿಲ್ಲಿಸುವಾಗ ಆರ್‌ಪಿಎಂ ಕುಸಿದು ಎಂಜಿನ್ ನಿಂತುಹೋಗುವುದು, ಸೈಲೆನ್ಸರ್‌ನಲ್ಲಿ ಪಟಾಕಿಯಂಥ ಸದ್ದು, ಪ್ಲಗ್‌ಗೆ ಕಪ್ಪು ಮಸಿ ಇವೆಲ್ಲ ಇದರಿಂದಲೇ ಬರುತ್ತವೆ. ಬಹುಕಾಲ ಹೀಗೇ ಓಡಿಸಿದರೆ ಸುಡದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು, ಅದರ ಜೇನುಗೂಡಿನಂಥ ಒಳಭಾಗವನ್ನು ಅತಿಯಾಗಿ ಕಾಯಿಸಿ ಕರಗಿಸಬಹುದು. ವಾಲ್ವ್‌ಗೆ ಕೊಟ್ಟ ಹಣಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಹಾನಿ ಇದು.

ಇಲ್ಲೊಂದು ಮಾತು ಸೇರಿಸಬೇಕು. ವೇಗದಲ್ಲಿ ಕಾಲು ಪೂರ್ತಿ ತೆಗೆದು ಗೇರ್‌ನಲ್ಲೇ ಸಾಗುವಾಗ ಇಸಿಯು ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ದೋಷ ಘಟ್ಟದ ಇಳಿಜಾರಿನಲ್ಲಿ ಕಾಣದೆ, ಪೇಟೆಯಲ್ಲಿ ಅರ್ಧ ಕಾಲು ತೆಗೆದು ಮತ್ತೆ ಒತ್ತುವಾಗ, ನಿಲ್ಲಲು ಕ್ಲಚ್ ಒತ್ತುವಾಗ ಎದ್ದು ಕಾಣುತ್ತದೆ. ದೂರದ ಓಟದಲ್ಲಿ ಕಾರು ಸರಿಯಾಗಿದೆ, ಪೇಟೆಯಲ್ಲಿ ಮಾತ್ರ ಹಟ ಮಾಡುತ್ತದೆ ಎಂದು ಹಲವರು ಬರೆಯುವುದಕ್ಕೆ ಕಾರಣ ಇದೇ.

ಎಂಎಪಿ ಮಾತ್ರ ಇರುವ ಕಾರಿನಲ್ಲಿ ಅಳತೆ ನಡೆಯುವುದು ಥ್ರಾಟಲ್ ಆಚೆ. ಚೆಲ್ಲಿಹೋದ ಗಾಳಿ ಎಣಿಕೆಗೆ ಬಂದೇ ಇರುವುದಿಲ್ಲ. ಅಲ್ಲಿ ಮಿಶ್ರಣ ಕೆಡುವ ಈ ದೋಷ ಬಹುಮಟ್ಟಿಗೆ ಇರದು. ಮುಂದೆ ಹೇಳುವ ದೂಳು, ಎಣ್ಣೆ ಮತ್ತು ಕಾನೂನಿನ ತೊಡಕುಗಳು ಮಾತ್ರ ಅದಕ್ಕೂ ಇವೆ.

ಗುರುತಿಸುವುದು ಹೇಗೆ? ಏರ್ ಫಿಲ್ಟರ್ ಪೆಟ್ಟಿಗೆಯ ಹೊರದಾರಿಯ ಕೊಳವೆಯ ಮೇಲೆ ನಾಲ್ಕೈದು ತಂತಿಗಳ ಸಾಕೆಟ್ ಇದ್ದರೆ ಅದು ಬಹುತೇಕ ಎಂಎಎಫ್. ಖಚಿತಪಡಿಸಿಕೊಳ್ಳಲು ಸ್ಕ್ಯಾನರ್‌ನಲ್ಲಿ 'ಸೆಕೆಂಡಿಗೆ ಇಷ್ಟು ಗ್ರಾಂ' ಎಂಬ ಅಂಕಿ ಬರುತ್ತದೆಯೇ ನೋಡಿ. ಆದರೆ ಕೆಲವು ಎಂಎಪಿ ಕಾರುಗಳ ಇಸಿಯು ತಾನೇ ಲೆಕ್ಕ ಹಾಕಿದ ಗ್ರಾಂ ಅಂಕಿಯನ್ನೂ ತೋರಿಸುವುದರಿಂದ ಕಣ್ಣಿನಿಂದ ನೋಡುವುದನ್ನು ಬಿಡಬೇಡಿ.

ಹಂತ 3: ಸ್ಕ್ಯಾನರ್ ಸರಿಯಾದ ಅಂಕಿ ಕೊಡುತ್ತಿದೆಯೇ ಪರೀಕ್ಷಿಸಿ

ಅಗ್ಗದ ಸ್ಕ್ಯಾನರ್‌ಗಳನ್ನು ನಂಬುವ ಮೊದಲು ಇದನ್ನು ಮಾಡಿ. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಎಂಎಪಿ ಅಂಕಿ ನೋಡಿ. ಎಂಜಿನ್ ಓಡದಿರುವಾಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದ ಕಾರವಾರದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94ರ ಆಸುಪಾಸು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದವರಿಗೆ ಈ ಅಂಕಿ ಕಣ್ಣೆದುರೇ ಇಳಿಯುವುದು ಕಾಣುತ್ತದೆ. ಶಿರಸಿಯಲ್ಲಿ 94 ಬಂದರೆ ಸೆನ್ಸರ್ ಕೆಟ್ಟಿದೆ ಎಂದು ಹೆದರಬೇಡಿ. ಅದೇ 94 ಕಾರವಾರದ ಕಡಲತೀರದಲ್ಲಿ ಬಂದರೆ ಮಾತ್ರ ಅನುಮಾನಿಸಿ.

ನಂತರ ಎಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ಎಸಿ ಆಫ್ ಮಾಡಿ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಾನಾಗಿ ಓಡುತ್ತಿರುವಾಗ ನೋಡಿದರೆ ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 30ರಿಂದ 40 ಕಿಲೋಪಾಸ್ಕಲ್ ತೋರಿಸುತ್ತದೆ. ಎಂದರೆ ಮ್ಯಾನಿಫೋಲ್ಡ್‌ನಲ್ಲಿ ವಾತಾವರಣಕ್ಕಿಂತ ತುಂಬಾ ಕಡಿಮೆ ಒತ್ತಡ, ಅಂದರೆ ವ್ಯಾಕ್ಯೂಮ್ ಇದೆ. ಮುಂದಿನ ಹಂತಕ್ಕೆ ಇದು ಮುಖ್ಯ.

ಹಂತ 4: ಐಡ್ಲಿಂಗ್‌ನಲ್ಲಿ ವಾಲ್ವ್ ಮುಚ್ಚಿದೆಯೇ ನೋಡಿ

ಹೆಚ್ಚಿನ ವಾಲ್ವ್‌ಗಳನ್ನು ತೆರೆಯುವುದು ಮ್ಯಾನಿಫೋಲ್ಡ್‌ನಿಂದ ಬರುವ ಸಣ್ಣ ಪೈಪಿನ ವ್ಯಾಕ್ಯೂಮ್. ಒಳಗಿನ ಸ್ಪ್ರಿಂಗ್ ಅದನ್ನು ಎದುರಿಸಿ ಮುಚ್ಚಿ ಹಿಡಿಯುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೆ ಐಡ್ಲಿಂಗ್‌ನ ವ್ಯಾಕ್ಯೂಮಿಗೇ ವಾಲ್ವ್ ತೆರೆದುಕೊಂಡು, ಹೊರಕ್ಕೆ ಗಾಳಿ ಬಿಡಬೇಕಾದ ಬಾಯಿಂದ ಗಾಳಿ ಒಳಕ್ಕೆ ಹೋಗುತ್ತದೆ. ಹೀಗೆ ಹೋಗುವ ಗಾಳಿ ಎಂಎಎಫ್ ಎಣಿಸದೇ ಇದ್ದದ್ದು. ಜೊತೆಗೆ ಏರ್ ಫಿಲ್ಟರ್ ದಾಟದೇ ಇದ್ದದ್ದು.

ಈ ಎರಡನೆಯ ಅಂಶವನ್ನು ನಮ್ಮ ಜಿಲ್ಲೆಯವರು ಹಗುರವಾಗಿ ತೆಗೆದುಕೊಳ್ಳಬಾರದು. ಬೇಸಿಗೆಯಲ್ಲಿ ಒಳನಾಡಿನ ಕಚ್ಚಾ ರಸ್ತೆಗಳ ಕೆಂಪು ದೂಳು ಬಾನೆಟ್ ಒಳಗೆಲ್ಲ ಹಿಟ್ಟಿನಂತೆ ಕೂತಿರುತ್ತದೆ. ಮಳೆಗಾಲದಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಕೆಸರು ನೀರು, ಕರಾವಳಿಯಲ್ಲಿ ವರ್ಷವಿಡೀ ಉಪ್ಪಿನ ಗಾಳಿ. ಅರಬೈಲ್ ಅಥವಾ ದೇವಿಮನೆ ಘಟ್ಟದಲ್ಲಿ ಎರಡನೇ ಗೇರ್ ಹಾಕಿ ಕಾಲು ತೆಗೆದು ಇಳಿಯುವಾಗ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಐಡ್ಲಿಂಗ್‌ಗಿಂತಲೂ ಹೆಚ್ಚಿರುತ್ತದೆ, ವಾಲ್ವ್ ನಿಮಿಷಗಟ್ಟಲೆ ತೆರೆದಿರುತ್ತದೆ. ತೆರೆದ ಬಾಯಿ ಕೆಳಮುಖವಾಗಿ ಚಕ್ರದ ಹತ್ತಿರ ಇದ್ದರೆ ಅದು ಎಳೆದುಕೊಳ್ಳುವುದು ಇದನ್ನೇ. ದೂಳು ಸಿಲಿಂಡರ್‌ಗೆ ಹೋದರೆ ಪಿಸ್ಟನ್ ರಿಂಗ್ ಸವೆಯುತ್ತದೆ. ಉಪ್ಪು ಮತ್ತು ದೂಳು ವಾಲ್ವ್‌ನ ಒಳಗಿನ ಪಿಸ್ಟನ್‌ಗೆ ಅಂಟಿದರೆ ಅದು ಅರ್ಧ ತೆರೆದೇ ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆ ಸರಳ. ಐಡ್ಲಿಂಗ್‌ನಲ್ಲಿ ವಾಲ್ವ್‌ನ ಬಾಯಿಗೆ ತೆಳುವಾದ ಕಾಗದದ ಚೂರು ಹಿಡಿಯಿರಿ, ಬಿಡದೆ ಗಟ್ಟಿಯಾಗಿ ಹಿಡಿದಿರಿ. ಕಾಗದ ಒಳಕ್ಕೆ ಅಂಟಿದರೆ ವಾಲ್ವ್ ಗಾಳಿ ಎಳೆಯುತ್ತಿದೆ. ಸ್ಪ್ರಿಂಗ್ ಬಿಗಿ ಮಾಡುವ ತಿರುಪು ಇದ್ದರೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಐಡ್ಲಿಂಗ್‌ನಲ್ಲಿ ಮುಚ್ಚುವಷ್ಟಕ್ಕೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಬಿಗಿ ಮಾಡಿದರೆ ಕಾಲು ತೆಗೆದಾಗಲೂ ತೆರೆಯದೆ ಸರ್ಜ್ ಶುರುವಾಗುತ್ತದೆ. ಪಟಪಟ ಸದ್ದು ಕೇಳಿ ಖುಷಿಪಡುವವರು ಇದ್ದಾರೆ, ಅದು ಟರ್ಬೊ ಅನುಭವಿಸುತ್ತಿರುವ ಹೊಡೆತದ ಸದ್ದು.

ಹಂತ 5: ಫ್ಯೂಯಲ್ ಟ್ರಿಮ್ ಓದಿ

ಆಮ್ಲಜನಕದ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕವೇ ಫ್ಯೂಯಲ್ ಟ್ರಿಮ್. ಕ್ಷಣಕ್ಷಣಕ್ಕೆ ಬದಲಾಗುವುದು ಅಲ್ಪಾವಧಿಯದು, ಕಲಿತು ನೆನಪಿಟ್ಟುಕೊಂಡದ್ದು ದೀರ್ಘಾವಧಿಯದು. ಎರಡನ್ನೂ ಕೂಡಿಸಿದಾಗ ಸೊನ್ನೆಯಿಂದ ಆಚೀಚೆ ಶೇ. 5ರೊಳಗೆ ಇದ್ದರೆ ಚಿಂತೆಯಿಲ್ಲ, ಶೇ. 10 ದಾಟಿದರೆ ಕಾರಣ ಹುಡುಕಬೇಕು.

ಎಂಎಎಫ್ ಕಾರಿನಲ್ಲಿ ಸೋರುವ ವಾಲ್ವ್ ಎರಡು ಸ್ಥಿತಿಯಲ್ಲಿ ಎರಡು ಬಗೆಯ ಗುರುತು ಬಿಡುತ್ತದೆ. ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ ಕಡೆ ಏರಿದರೆ ಎಣಿಸದ ಗಾಳಿ ಒಳಬರುತ್ತಿದೆ ಎಂದರ್ಥ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂಬ ಪಿ0171 ಕೋಡ್ ಇದರ ಜೊತೆಗೆ ಬರಬಹುದು. ಟರ್ಬೊ ಒತ್ತಡ ಏರಿರುವಾಗ ಟ್ರಿಮ್ ಮೈನಸ್ ಕಡೆ ಇಳಿದರೆ ಎಣಿಸಿದ ಗಾಳಿ ಹೊರಹೋಗುತ್ತಿದೆ ಎಂದರ್ಥ; ಇದರ ಜೊತೆಯ ಕೋಡ್, ಪೆಟ್ರೋಲ್ ಹೆಚ್ಚು ಎಂಬ ಪಿ0172. ಐಡ್ಲಿಂಗ್‌ನಲ್ಲಿ ಪ್ಲಸ್, ಏರಿನಲ್ಲಿ ಮೈನಸ್ ಎರಡೂ ಕಂಡರೆ ಇಂಜೆಕ್ಟರ್, ಪೆಟ್ರೋಲ್ ಪಂಪ್ ಎಂದು ಹಣ ಸುರಿಯುವ ಮೊದಲು ವಾಲ್ವ್ ಮತ್ತು ಅದರ ಪೈಪುಗಳನ್ನೇ ನೋಡಿ. ಕಾಲು ಪೂರ್ತಿ ಒತ್ತಿದಾಗ ಕೆಲವು ಇಸಿಯುಗಳು ಟ್ರಿಮ್ ಲೆಕ್ಕವನ್ನೇ ಬದಿಗಿಡುವುದರಿಂದ, ಹದವಾದ ಏರಿನಲ್ಲಿ ಅರ್ಧ ಕಾಲಿನಲ್ಲಿ ಓಡಿಸಿ ನೋಡಬೇಕು. ಅಂಕಿ ಓದುವ ಕೆಲಸ ಪಕ್ಕದಲ್ಲಿ ಕೂತವರದು, ಚಾಲಕರದಲ್ಲ.

ಕಾಲು ತೆಗೆದ ಕ್ಷಣದ ರಿಚ್ ಮಿಶ್ರಣ ಇಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಟ್ರಿಮ್‌ನಲ್ಲಿ ಸಿಗದೇ ಹೋಗಬಹುದು. ಅದಕ್ಕೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಬೆರಳಿಗೆ ಹತ್ತುವ ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಜಿಗುಟಾದ ಎಣ್ಣೆಯ ಮಸಿಯಾದರೆ ಅದು ಬೇರೆ ರೋಗ.

ಹಂತ 6: ಪೈಪುಗಳ ಸೋರಿಕೆ ಮತ್ತು ಎಣ್ಣೆ

ಎಂಜಿನ್ನಿನ ಕ್ರ್ಯಾಂಕ್‌ಕೇಸ್‌ನಿಂದ, ಅಂದರೆ ಎಣ್ಣೆ ಇರುವ ಕೆಳಭಾಗದಿಂದ ಬರುವ ಎಣ್ಣೆಯ ಆವಿ ಟರ್ಬೊಗಿಂತ ಮೊದಲಿನ ಪೈಪಿಗೆ ಸೇರುತ್ತದೆ. ಹೀಗಾಗಿ ಹೊರಕ್ಕೆ ಬಿಡುವ ಗಾಳಿಯಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳಿರುತ್ತವೆ. ಬಾಯಿ ಹೊಗೆಕೊಳವೆಯ ಕಡೆಗೋ ತಂತಿಗಳ ಕಡೆಗೋ ತಿರುಗಿದ್ದರೆ ಅಲ್ಲೆಲ್ಲ ಎಣ್ಣೆ ಕೂರುತ್ತದೆ. ಸೋರಿಕೆ ನೋಡಲು ಗ್ಯಾರೇಜಿನಲ್ಲಿ ಟರ್ಬೊಗಿಂತ ಮೊದಲಿನ ಪೈಪಿಗೆ ಮುಚ್ಚಳ ಹಾಕಿಸಿ, ರೆಗ್ಯುಲೇಟರ್ ಮೂಲಕ 0.5 ಬಾರ್‌ನಷ್ಟು ಗಾಳಿ ಕೊಟ್ಟು, ಜೋಡಣೆಗಳಿಗೆ ಸಾಬೂನು ನೀರು ಸಿಂಪಡಿಸಿ ಗುಳ್ಳೆ ಬರುತ್ತದೆಯೇ ನೋಡಿ. ಟಯರಿಗೆ ಗಾಳಿ ತುಂಬುವ ಕಂಪ್ರೆಸರ್‌ನ ಪೂರ್ತಿ ಒತ್ತಡವನ್ನು ನೇರವಾಗಿ ಬಿಡುವುದು ಅಪಾಯ. ಎಂಜಿನ್ನಿನ ಸೀಲ್‌ಗಳು ಹಾರಿಹೋಗುತ್ತವೆ.

ಹಂತ 7: ಮರುಬಳಕೆಗೆ ಮರಳಿಸುವುದು

ಎಂಎಎಫ್ ಕಾರಿದ್ದವರಿಗೆ ನಾನು ಹೇಳುವುದು ಇದೊಂದೇ ದಾರಿ. ಕಂಪನಿಯ ಹಳೆಯ ವಾಲ್ವ್ ಇಟ್ಟುಕೊಂಡಿದ್ದರೆ ಅದರ ಸಣ್ಣ ನಳಿಗೆಗೆ ವ್ಯಾಕ್ಯೂಮ್ ಪಂಪ್ ಹಾಕಿ ಒತ್ತಿ. ವಾಲ್ವ್ ತೆರೆದು, ಪಂಪಿನ ಮುಳ್ಳು ಒಂದು ನಿಮಿಷ ಇಳಿಯದೆ ನಿಂತರೆ ಪೊರೆ ಚೆನ್ನಾಗಿದೆ. ಇಳಿದರೆ ಹೊಸದು ಬೇಕು.

ಹೊರಕ್ಕೆ ಬಿಡುವ ವಾಲ್ವ್ ಹಾಕುವಾಗ ಟರ್ಬೊಗಿಂತ ಮೊದಲಿನ ಪೈಪಿನಲ್ಲಿದ್ದ ಮರುಬಳಕೆಯ ದಾರಿಗೆ ಬಿರಡೆ ಹಾಕಿರುತ್ತಾರೆ. ಅದನ್ನು ತೆಗೆಯುವಾಗ ಒಳಕ್ಕೆ ಜಾರದಂತೆ ನೋಡಿಕೊಳ್ಳಿ. ಒಂದು ಸಣ್ಣ ರಬ್ಬರ್ ಚೂರು ಅಥವಾ ಕ್ಲಿಪ್ಪಿನ ತಿರುಪು ಕಂಪ್ರೆಸರ್ ತಲುಪಿದರೂ ಎಲೆಗಳು ಮುರಿಯುತ್ತವೆ. ಬಿಚ್ಚಿದ ಪ್ರತಿ ಬಾಯಿಗೂ ಸ್ವಚ್ಛ ಬಟ್ಟೆ ತುರುಕಿ, ಜೋಡಿಸುವ ಮೊದಲು ಎಣಿಸಿ ತೆಗೆಯಿರಿ. ಹೋಸ್ ಎಣ್ಣೆಗೆ ಕರಗದ ಬಗೆಯದಾಗಿರಲಿ. ಸಣ್ಣ ವ್ಯಾಕ್ಯೂಮ್ ಪೈಪನ್ನು ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡ್‌ನಿಂದಲೇ ತೆಗೆಯಬೇಕು, ಬ್ರೇಕ್ ಬೂಸ್ಟರ್‌ನ ಪೈಪಿನಿಂದ ಕವಲು ಎಳೆಯಲೇಬಾರದು. ಕವಲು ಬಿಚ್ಚಿಕೊಂಡರೆ ಬ್ರೇಕ್ ಗಟ್ಟಿಯಾಗುತ್ತದೆ, ಘಟ್ಟದಲ್ಲಿ ಅದರ ಪರಿಣಾಮ ನಿಮಗೇ ಗೊತ್ತು.

ಹೊಸ ಕಾರುಗಳಲ್ಲಿ ವಾಲ್ವ್ ಟರ್ಬೊದ ಮೈಮೇಲೇ ಕೂತಿದ್ದು, ವಿದ್ಯುತ್ತಿನಿಂದ ಇಸಿಯು ತೆರೆಯುತ್ತದೆ. ಇವಕ್ಕೆ ಸದ್ದಿಗಾಗಿ ನಡುವೆ ಸ್ಪೇಸರ್ ಪ್ಲೇಟ್ ಹಾಕುತ್ತಾರೆ. ಪ್ಲೇಟ್ ತೆಗೆದು, ರಬ್ಬರ್ ರಿಂಗ್ ಹೊಸದು ಹಾಕಿ, ಮೂಲ ಅಳತೆಯ ಬೋಲ್ಟ್‌ಗಳಿಂದಲೇ ಕೂರಿಸಿ. ಪ್ಲೇಟ್ ಜೊತೆ ಬಂದ ಉದ್ದದ ಬೋಲ್ಟ್ ಬಳಸಿದರೆ ತಳಕ್ಕೆ ತಾಗಿ ವಾಲ್ವ್ ಬಿಗಿಯಾಗಿ ಕೂರುವುದಿಲ್ಲ. ಕೆಲವು ಸಣ್ಣ ಟರ್ಬೊ ಎಂಜಿನ್ನುಗಳಿಗೆ ಕಂಪನಿಯೇ ಈ ವಾಲ್ವ್ ಕೊಟ್ಟಿಲ್ಲ. ಅಲ್ಲಿ ಹುಡುಕುತ್ತಾ ಕೂರಬೇಡಿ.

ಹಂತ 8: ಕಾಗದಪತ್ರದ ಮಾತು

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡು ಒಂದಕ್ಕೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಶಬ್ದ ಮತ್ತು ವಾಯುಮಾಲಿನ್ಯದ ನಿಯಮ ಮೀರಿದರೆ ದಂಡ 10,000 ರೂಪಾಯಿವರೆಗೆ ಹೋಗಬಹುದು. ವಾರಂಟಿ ಇರುವ ಕಾರಿನಲ್ಲಿ ಟರ್ಬೊ ಅಥವಾ ಕನ್ವರ್ಟರ್ ಕೆಟ್ಟಾಗ ಮೊದಲು ಕೇಳುವ ಪ್ರಶ್ನೆಯೂ ಹೊರಗಿನ ಭಾಗ ಹಾಕಿಸಿದ್ದೀರಾ ಎಂಬುದೇ. ಕಾರವಾರದಿಂದ ಕದ್ರಾ ದಾಟಿ ಅಣಶಿ ಕಡೆ ಹೋಗುವ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುತ್ತದೆ. ಅಲ್ಲಿ ಪ್ರತಿ ತಿರುವಿಗೂ ಈ ಸದ್ದು ಮಾಡುವುದು ದಂಡದ ಭಯವಿಲ್ಲದಿದ್ದರೂ ಸಲ್ಲದ ಕೆಲಸ.

ಹಂತ 9: ಓಡಿಸಿ ನೋಡಿ

ಜೋಡಣೆ ಮುಗಿದ ಮೇಲೆ ಹಳೆಯ ಕೋಡ್‌ಗಳನ್ನು ಅಳಿಸಿ. ಇಸಿಯು ಕಲಿತಿಟ್ಟುಕೊಂಡ ಟ್ರಿಮ್ ಹೊಸದಾಗಿ ಕೂರಲು ಕೆಲವು ಬಾರಿಯ ಓಡಾಟ ಬೇಕಾಗುವುದರಿಂದ ಮೊದಲ ದಿನದ ಅಂಕಿ ನೋಡಿ ತೀರ್ಮಾನಿಸಬೇಡಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಒತ್ತಡ ಏರಿಸಿ, ಕ್ಲಚ್ ಒತ್ತಿ ಕಾಲು ತೆಗೆಯಿರಿ. ಆರ್‌ಪಿಎಂ ಕುಸಿಯದೆ ಐಡ್ಲಿಂಗ್‌ನಲ್ಲಿ ನೆಲೆಯಾಗಿ ನಿಲ್ಲಬೇಕು. ಬಳಿಕ ಒಂದು ಘಟ್ಟ ಹತ್ತಿ ಇಳಿದು ಬಂದು, ಎಂಜಿನ್ ತಣ್ಣಗಾದ ಮೇಲೆ ಹೊಸ ಕ್ಲಿಪ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬಿಸಿಯಾಗಿ ತಣ್ಣಗಾದ ಹೋಸ್ ಸ್ವಲ್ಪ ಕುಗ್ಗಿರುತ್ತದೆ, ಮೊದಲ ವಾರದ ಸೋರಿಕೆಗಳೆಲ್ಲ ಬಹುತೇಕ ಅಲ್ಲಿಂದಲೇ ಶುರುವಾಗುತ್ತವೆ. ಇಷ್ಟಾದ ಮೇಲೂ ನಿಲ್ಲಿಸುವಾಗ ಎಂಜಿನ್ ಆಫ್ ಆಗುತ್ತಿದ್ದರೆ ಎಂಎಎಫ್ ಸೆನ್ಸರ್‌ಗೆ ಎಣ್ಣೆ ದೂಳು ಅಂಟಿರಬಹುದು. ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ, ಒಳಗಿನ ಸೂಕ್ಷ್ಮ ತಂತಿಯನ್ನು ಬಟ್ಟೆ ಅಥವಾ ಬ್ರಷ್‌ನಿಂದ ಮುಟ್ಟಬೇಡಿ, ಪೂರ್ತಿ ಒಣಗಿದ ನಂತರವೇ ಸಾಕೆಟ್ ಜೋಡಿಸಿ.